ಹುಳದ ಮನೆಯಲ್ಲಿ ಹನ್ನೆರಡು ಬಾಣ

ಬಿಲ್ಲು ಹಿಡಿದು ನಾನು ಒಂದು ಮೊಲವನ್ನೂ ಹೊಡೆದವನಲ್ಲ. ಆದರೂ ಬೇಟೆಯ ಬಾಣಗಳ ಗುಣದೋಷ ಹೇಳಬಲ್ಲ ತಜ್ಞನೆಂದು ಒಬ್ಬ ಮನುಷ್ಯ ನನ್ನನ್ನು ನಂಬಿದ. ಅವನು ನಂಬಿದ್ದು ತಪ್ಪು. ನಾನು ಅಲ್ಲವೆನ್ನದೆ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ಅರವತ್ತು ದಾಟಿ, ಪೆನ್ಷನ್ನು ಬರತೊಡಗಿದ ಮೇಲೆ ಯಾರಾದರೂ ನಮ್ಮನ್ನು ತಜ್ಞ ಎಂದು ಕರೆದರೆ, ಅದು ಬಾಣದ ವಿಷಯಕ್ಕಾಗಲಿ ಬದನೆಕಾಯಿಯ ವಿಷಯಕ್ಕಾಗಲಿ, ಬೇಡವೆನ್ನುವ ಶಕ್ತಿ ಉಳಿದಿರುವುದಿಲ್ಲ.

ನಂಬಿದವನು ದಿನೇಶ. ಮೈಸೂರಿನಲ್ಲಿ ಎಂ.ಎ. ಓದುವಾಗ ನನ್ನ ರೂಮಿನಲ್ಲಿದ್ದವನು, ಈಗ ಬೆಂಗಳೂರಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಕಾಲೇಜುಗಳ ನಡುವಿನ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ನನಗೆ ಮೂರನೆಯ ಬಹುಮಾನ ಬಂದದ್ದು ಅವನಿಗೆ ನೆನಪಿತ್ತು. ನನಗೂ ನೆನಪಿತ್ತು. ನನ್ನ ನೆನಪಿನಲ್ಲಿ ಮೈದಾನದ ಸುತ್ತ ಜನವೋ ಜನ, ನನ್ನ ಎಡಬಲದಲ್ಲಿ ಸಾಲು ಸಾಲು ಬಿಲ್ಲುಗಾರರು. ಆ ವರ್ಷದ ಡೈರಿಯನ್ನು ತೆಗೆದು ನೋಡಿದರೆ ಹೀಗೆ ಬರೆದಿದೆ: "ಸ್ಪರ್ಧಿಗಳು ನಾಲ್ವರು. ಒಬ್ಬನಿಗೆ ಜ್ವರ ಬಂದು ಬರಲಿಲ್ಲ." ಹೀಗೆ ನನ್ನ ಮನೆಯಲ್ಲಿ ಡೈರಿಯೂ ನೆನಪೂ ವಾರಗಿತ್ತಿಯರಂತೆ ಬಾಳುತ್ತಿವೆ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಒಪ್ಪುವುದಿಲ್ಲ. ನಾನು ಚರಿತ್ರೆಯ ಮೇಷ್ಟ್ರಾದ್ದರಿಂದ ಯಾವಾಗಲೂ ಡೈರಿಯ ಪರ. ಈ ಒಂದು ಸಲ ಮಾತ್ರ ನೆನಪೇ ಗೆಲ್ಲಲಿ ಎಂದು ಬೇಡಿಕೊಂಡಿದ್ದೇನೆ. ಆ ಕತೆಯನ್ನೇ ಹೇಳಹೊರಟಿದ್ದೇನೆ.

ಹೊರದೇಶದ ಯಾವುದೋ ಕಂಪನಿ ದಿನೇಶನಿಗೆ ಮಾದರಿಗೆಂದು ಒಂದು ಡಜನ್ ಕಾರ್ಬನ್ ಬಾಣಗಳನ್ನು ಕಳಿಸಿತ್ತು. ಅವನು ಅವನ್ನು ಹಾಗೇ ರಾಮನಗರಕ್ಕೆ ನನ್ನ ಮನೆಗೆ ಕಳಿಸಿ, ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಇವು ಹೇಗೆ ತಡೆಯುತ್ತವೆ ಎಂದು ಹೊಡೆದು ನೋಡಿ ಬರೆದುಕೊಡು ಎಂದ. ಬೆಂಗಳೂರಿನ ಹುಡುಗರು ಗುರಿ ಅಭ್ಯಾಸಕ್ಕೆ ಕೊಳ್ಳಬಹುದು ಎಂಬುದು ಅವನ ಆಸೆ. ಡಬ್ಬಿಯ ಮೇಲೆ ಕವಲು ಕವಲು ಕೊಂಬಿನ ಒಂದು ಜಿಂಕೆ ನಿಂತು ನನ್ನನ್ನೇ ನೋಡುತ್ತಿತ್ತು. ಜೊತೆಗೆ ಒಂದು ನಮೂನೆ ಹಾಳೆ. ಅದರಲ್ಲಿ ನೇರ, ತೂಕ, ಬಾಗು, ಬಾಳಿಕೆ, ಕಡೆಯದಾಗಿ 'ಪ್ರಾಣಿಯ ದೇಹವನ್ನು ತೂರುವ ಶಕ್ತಿ'. ನಮ್ಮಲ್ಲಿ ಕಾಡುಹಂದಿ ಬಂದು ರಾಗಿ ತಿಂದು ಹೋದರೂ ಅದಕ್ಕೆ ಬಾಣ ಬಿಟ್ಟರೆ ಒಳಗೆ ಹೋಗುವವರು ನಾವು. ಹಾಗಾಗಿ ಆ ಅಂಕಣವನ್ನು ಖಾಲಿ ಬಿಡುತ್ತೇನೆ ಎಂದೆ. ಗೋಣಿಚೀಲ ತೂರಿದರೂ ಸಾಕು, ಬರಿ, ಎಂದ ದಿನೇಶ.

ಕೈಗೆತ್ತಿಕೊಂಡೆ. ಕಪ್ಪಗೆ, ಪೆನ್ಸಿಲ್ಲಿಗಿಂತ ತೆಳ್ಳಗೆ, ಊದುಬತ್ತಿಯಷ್ಟೇ ಭಾರವೆನಿಸಿತು. ಅಂಬು, ಸರಳು, ಕಣೆ ಎಂದು ನಮ್ಮ ಹಳೆಯ ಮಾತುಗಳಲ್ಲಿ ಬಾಣಕ್ಕೆ ಎಷ್ಟು ಹೆಸರು! ಒಂದೊಂದರ ಹಿಂದೆಯೂ ಒಂದು ಬಿದಿರು ಮೆಳೆಯೋ ಲಾಳದಕಡ್ಡಿಯ ಪೊದೆಯೋ ಇರಬೇಕು. ಈ ಕಪ್ಪು ಕಡ್ಡಿಯ ಹಿಂದೆ ಯಾವ ಗಿಡವೂ ಇಲ್ಲ. ನಮ್ಮ ಕಡೆ ಹೊಲದ ಬದುಗಳಲ್ಲಿ ಹಂದಿಬೇಟೆಯ ವೀರಗಲ್ಲುಗಳಿವೆ. ಹಂದಿಯ ಮೈಯಲ್ಲಿ ನೆಟ್ಟ ಬಾಣವನ್ನು ಕಲ್ಲುಕುಟಿಗ ಬಾಗಿಸಿಯೇ ಕೆತ್ತಿರುತ್ತಾನೆ. ಕೈ ತಪ್ಪಿ ಹಾಗಾಗಿದೆ ಎಂದು ನಾನು ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಪಾಠ ಹೇಳಿದೆ. ಬಾಣ ಬಾಗುವುದೇ ನಿಜ ಎಂದು ತಿಳಿದದ್ದು ನಿವೃತ್ತನಾದ ಮೇಲೆ. ಬಿಲ್ಲಿನ ದಂಡ ಬಾಣದ ದಾರಿಗೆ ನಟ್ಟ ನಡುವೆ ಅಡ್ಡ ಇರುತ್ತದಲ್ಲ. ಹೆದೆ ತಳ್ಳಿದಾಗ ಬಾಣ ಒಂದು ಕ್ಷಣ ಹಾವಿನಂತೆ ಬಳುಕಿ, ಆ ದಂಡವನ್ನು ಸುತ್ತಿಕೊಂಡು ದಾಟಿ, ಆಮೇಲೆ ನೆಟ್ಟಗಾಗುತ್ತದೆ. ಬಾಗದ ಬಾಣ ಗುರಿ ಮುಟ್ಟುವುದಿಲ್ಲ. ಇದನ್ನು ಓದಿದ ದಿನ ಡೈರಿಯಲ್ಲಿ ದೊಡ್ಡ ತತ್ವ ಸಿಕ್ಕಿತೆಂಬಂತೆ ಬರೆದುಕೊಂಡಿದ್ದೇನೆ. ತತ್ವ ಬರೆದುಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.

ಪರೀಕ್ಷೆಗಳನ್ನು ಶ್ರದ್ಧೆಯಿಂದಲೇ ಮಾಡಿದೆ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಹನ್ನೆರಡನ್ನೂ ಒಂದೊಂದಾಗಿ ತೂಗಿಸಿದೆ. ಅವರು, ಇದನ್ನು ಒತ್ತೆ ಇಡುವ ಯೋಚನೆಯೇ ಸಾರ್, ಎಂದು ಕೇಳಿದರು. ಗಾಜಿನ ಮೇಜಿನ ಮೇಲೆ ಉರುಳಿಸಿದೆ. ಹನ್ನೊಂದು ಬಾಣಗಳು ಸದ್ದಿಲ್ಲದೆ ಉರುಳಿದವು, ಒಂದು ಮಾತ್ರ ಟಕಟಕ ಎಂದಿತು. ಎರಡು ಕುರ್ಚಿಗಳ ನಡುವೆ ಅಡ್ಡ ಇಟ್ಟು, ನಡುವಿಗೆ ಬಟ್ಟು ತೂಗುಬಿಟ್ಟು ಬಾಗು ಅಳೆದೆ. ಕಾರ್ಬನ್ ಕಡ್ಡಿ ಒಳಗೇ ಸೀಳಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಮೈತುಂಬ ಹತ್ತಿ ಸವರಬೇಕು, ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕು. ಕಿವಿಯ ಹತ್ತಿರ ಹಿಡಿದು ಬಾಗಿಸಿದರೆ ಚಿಟಿಚಿಟಿ ಸದ್ದು ಬರಬಾರದು. ನೋಡಿ, ಕಣ್ಣಿಗೆ ಕಾಣದ ಬಿರುಕನ್ನು ಹತ್ತಿಯಿಂದ ಹುಡುಕುವ ವಿದ್ಯೆ ನನಗೆ ಗೊತ್ತಿತ್ತು. ಇದನ್ನು ಮರೆಯಬೇಡಿ, ನಾನೂ ಮರೆತಿಲ್ಲ.

ಇನ್ನು ಹೊಡೆದು ನೋಡಬೇಕು. ಎಲ್ಲಿ? ಮೊದಲಾಗಿದ್ದರೆ ರಾಗಿ ಕೊಯ್ದ ಕೂಳೆ ಹೊಲಗಳಿದ್ದವು, ಆಚೆಯ ಬಂಡೆಯವರೆಗೂ ಬಯಲು. ಆದರೆ ರೇಷ್ಮೆಗೂಡಿಗೆ ಆ ಪಾಟಿ ರೇಟು ಬಂದ ವರ್ಷಗಳು ಅವು. ಕೈಲಾಂಚದಿಂದ ಅಕ್ಕೂರಿನವರೆಗೂ ಗೇಣು ಜಾಗ ಬಿಡದೆ ಹಿಪ್ಪುನೇರಳೆ ಎದ್ದು ನಿಂತಿತ್ತು. ದನ ಕಟ್ಟುವ ಕೊಟ್ಟಿಗೆಗೂ ಸುಣ್ಣ ಬಳಿದು ಹುಳ ಇಳಿಸಿದವರನ್ನು ನಾನೇ ಬಲ್ಲೆ. ಬಸ್ಸಿನಲ್ಲಿ ಪಕ್ಕ ಕೂತವರು ಕ್ಷೇಮ ಸಮಾಚಾರದ ಬದಲು, ಹುಳ ಎಷ್ಟನೇ ಜ್ವರದಲ್ಲೈತೆ, ಎಂದು ಕೇಳುವ ಕಾಲ. ಹುಳ ಪೊರೆ ಕಳಚುವ ಮೊದಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಅಂಥ ಊರಿನಲ್ಲಿ ಬಾಣ ಬಿಡಲು ಅರವತ್ತು ಅಡಿ ಖಾಲಿ ಜಾಗ ಬೇಕೆಂದರೆ ಎಲ್ಲಿ ಹುಡುಕಲಿ?

ಅರವತ್ತು ಅಡಿ ಸಿಕ್ಕಿದ್ದು ನನ್ನ ಅಕ್ಕನ ಹುಳದ ಮನೆಯಲ್ಲಿ.

ಅಕ್ಕ ಸಾಕಮ್ಮ ಕೈಲಾಂಚದ ಹತ್ತಿರದ ಹಳ್ಳಿಗೆ ಕೊಟ್ಟ ಹೆಣ್ಣು. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಕಟ್ಟಿಸಿದ ಹುಳದ ಮನೆ ಇನ್ನೂ ಪಾಲಾಗದ ಜಮೀನಿನಲ್ಲಿತ್ತು. ಭಾವನ ತಮ್ಮ ಲಿಂಗಣ್ಣನಿಗೂ ಆಗ ಜಾಗ ಸಾಲದು. ಒಂಟಿ ಹೆಂಗಸು ನೂರು ಚಿಟ್ಟೆ ಮೊಟ್ಟೆಯ ನಲವತ್ತು ಸಾವಿರ ಹುಳ ಹೇಗೆ ಮೇಯಿಸುತ್ತಾಳೆ, ಆ ಮನೆ ನನಗೆ ಬಿಡಲಿ, ಅವಳ ಊಟ ಬಟ್ಟೆಗೆ ನಾನಿದ್ದೇನೆ, ಎಂದು ಅವನು ಹಿರಿಯರ ಮುಂದೆ ಹೇಳಿದ. ದುಷ್ಟನಲ್ಲ, ಹೇಳಿದ್ದನ್ನು ನಡೆಸುವವನೇ. ಅಕ್ಕನಿಗೆ ಊಟ ಬಟ್ಟೆ ಬೇಕಿರಲಿಲ್ಲ, ಹುಳ ಬೇಕಿತ್ತು. ಕಡೆಗೆ ಹಿರಿಯರು ಒಂದು ಮಾತಿಗೆ ಬಂದರು. ಈ ಒಂದು ಬೆಳೆ ಸಾಕಮ್ಮ ಒಬ್ಬಳೇ ತೆಗೆಯಲಿ. ಗೆದ್ದರೆ ಮನೆ ಅವಳ ಕೈಯಲ್ಲೇ ಇರಲಿ, ಸೋತರೆ ಲಿಂಗಣ್ಣನಿಗೆ. ಆ ಬೆಳೆಯ ಹುಳ ಬರುವುದಕ್ಕೆ ಐದು ದಿನ ಮುಂಚೆ ನಾನು ನನ್ನ ಹಳೆಯ ಬಿಲ್ಲು, ಬಾಣದ ಡಬ್ಬಿ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದೆ.

ಹಿತ್ತಲ ಆಚೆ ಸೊಪ್ಪಿನ ಸಾಲುಗಳ ನಡುವೆ ಹೊಡೆಯುತ್ತೇನೆ ಎಂದೆ. ಅಕ್ಕ ಬಿಸಿಲನ್ನು ನೋಡಿದಳು, ನನ್ನ ಬೋಳುತಲೆಯನ್ನು ನೋಡಿದಳು.

"ಒಳಗೇ ಒಡ್ಕೊಳ್ಲಾ ಪುಟ್ಸಾಮಿ. ಬಿಸ್ಲಲ್ಲಿ ಬಿದ್ಗಿದ್ದೀಯ. ಹುಳ ಬರಾಕೆ ಇನ್ನೂ ಟೇಮೈತೆ."

ಹುಳದ ಮನೆಯ ಮಡಿ ದೇವಸ್ಥಾನದ ಮಡಿಗಿಂತ ಕಟ್ಟುನಿಟ್ಟು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಬೇಕು, ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರಬಾರದು. ನಾನು ಎಲ್ಲವನ್ನೂ ಪಾಲಿಸಿದೆ. ಕಾಲು ತೊಳೆದೆ, ಕೈ ತೊಳೆದೆ, ನಗಬೇಡಿ, ಹನ್ನೆರಡು ಬಾಣಗಳನ್ನೂ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಒರೆಸಿದೆ. ಅಕ್ಕ ಅದನ್ನು ನೋಡಿ, ಮದುವೆಗಂಡಿಗೂ ಇಂಥ ಸ್ನಾನ ಮಾಡಿಸಿರಲಿಲ್ಲ, ಎಂದು ನಕ್ಕಳು. ಎರಡೂ ಕಡೆ ಹುಳ ಮೇಯಿಸುವ ಖಾಲಿ ಸ್ಟ್ಯಾಂಡುಗಳು, ನಡುವೆ ನೆಟ್ಟಗೆ ಓಣಿ, ಗಾಳಿಯ ಸುಳಿವಿಲ್ಲ. ಕೊನೆಯಲ್ಲಿ ಗೋಡೆಗೆ ಒರಗಿಸಿ, ಹಿಪ್ಪುನೇರಳೆ ಕಡ್ಡಿ ತುಂಬಿದ ಗೋಣಿಚೀಲ ನಿಲ್ಲಿಸಿದೆವು. ಅದರ ಮೇಲ್ಭಾಗಕ್ಕೆ ಸರಿಯಾಗಿ ಹಿಂದಿನ ಕಿಟಕಿ. ಕಿಟಕಿಗೆ ನೈಲಾನ್ ಪರದೆ. ಊಜಿ ನೊಣ ಒಳಗೆ ಬರದಂತೆ ಪ್ರತಿ ಹುಳದ ಮನೆಗೂ ಹೊಡೆದಿರುತ್ತಾರಲ್ಲ, ಅದೇ.

ಹನ್ನೊಂದು ಬಾಣಗಳನ್ನು ಸಾದಾ ಮೊನೆಯಲ್ಲಿ ಹೊಡೆದೆ. ಚೀಲಕ್ಕೆ ಚುಚ್ಚಿ ನಿಂತವು. ಅಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ಒಂದೊಂದಕ್ಕೂ ಭಲೆ ಎನ್ನುತ್ತಿದ್ದಳು. ಆಮೇಲೆ ಯಾರೋ ಕರೆದರೆಂದು ಎದ್ದು ಹೋದಳು. ಹನ್ನೆರಡನೆಯದಕ್ಕೆ ಡಬ್ಬಿಯಲ್ಲಿದ್ದ ಬೇಟೆಯ ಮೊನೆ ಸಿಕ್ಕಿಸಿದೆ, ಬ್ಲೇಡಿನಂಥ ಮೂರು ಅಲಗುಗಳದ್ದು. ನಮೂನೆ ಹಾಳೆಯ ಕಡೆಯ ಅಂಕಣ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಎಳೆದು ಬಿಟ್ಟೆ. ಚೀಲ ಅಲ್ಲಾಡಲೇ ಇಲ್ಲ. ಬಾಣವೂ ಚೀಲದಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಕಿಟಕಿಯ ಆಚೆ ಸೊಪ್ಪಿನ ಸಾಲಿನಲ್ಲಿ, ಮಣ್ಣಿನಲ್ಲಿ ನೆಟ್ಟು ನಿಂತಿತ್ತು. ಒಂದು ಗೀರಿಲ್ಲ.

ಆ ದಿನದ ಡೈರಿ ಒಂದೂವರೆ ಪುಟವಿದೆ. ತೂಕ, ಬಾಗು, ಟಕಟಕ ಎಂದ ಬಾಣದ ಅಂಕಿ, ಕೊನೆಯಲ್ಲಿ: "ಹನ್ನೆರಡನೆಯದು ಚೀಲ ದಾಟಿ ಹೊರಗೆ. ತೂರುವ ಶಕ್ತಿ ಅದ್ಭುತ. ಅಕ್ಕ ಅವರೆಕಾಳು ಉಪ್ಪಿಟ್ಟು ಮಾಡಿದ್ದಳು."

ಪರದೆಯ ಬಗ್ಗೆ ಒಂದು ಅಕ್ಷರವಿಲ್ಲ.

ಆದರೆ ನನಗೆ ನೆನಪಿದೆ. ಹೊರಡುವಾಗ ನಲ್ಲಿಯ ಹತ್ತಿರ ಕೈ ತೊಳೆಯುತ್ತಾ, "ಹಿಂದ್ಗಡೆ ಕಿಟ್ಕಿ ಪರ್ದೆ ಒಸಿ ನೋಡ್ಬುಡಕ್ಕ" ಎಂದು ಹೇಳಿದೆ. ನೀರು ಬಕೆಟ್ಟಿಗೆ ಬೀಳುವ ಸದ್ದು ನೆನಪಿದೆ, ಅಕ್ಕನ ಸೆರಗಿಗೆ ಅವರೆ ಸೊನೆಯ ಕಲೆ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದರಿಂದಲೇ ನನಗೆ ಅನುಮಾನ. ಮೈದಾನದ ಸುತ್ತ ನಿಂತ ಜನವೂ ಇಷ್ಟೇ ಚೆನ್ನಾಗಿ ನೆನಪಿದ್ದರು.

ಹುಳ ಬಂತು. ನಾಲ್ಕನೇ ಜ್ವರ ಎದ್ದು ನಾಲ್ಕೈದು ದಿನವಾಗಿತ್ತು. ಇನ್ನು ಎರಡು ಮೂರು ದಿನಕ್ಕೆ ಹಣ್ಣಾಗಬೇಕು. ಅಕ್ಕ ಫೋನು ಮಾಡಿ, ಹುಳದ ಮೈಮೇಲೆ ಕಪ್ಪು ಚುಕ್ಕಿ ಕಾಣುತ್ತಿವೆ, ಒಂದೆರಡಲ್ಲ, ಎಲ್ಲ ಸ್ಟ್ಯಾಂಡಿನಲ್ಲೂ, ಎಂದಳು. ಚುಕ್ಕಿ ಎಂದರೆ ಏನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಊಜಿ ನೊಣ ಹುಳದ ಮೈಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ಚರ್ಮ ಕೊರೆದು ಒಳಗಿಳಿದ ಜಾಗದಲ್ಲಿ ಕಪ್ಪು ಚುಕ್ಕಿ. ಹುಳ ಏನೂ ಆಗದಂತೆ ಸೊಪ್ಪು ತಿನ್ನುತ್ತಲೇ ಇರುತ್ತದೆ. ಒಳಗಿರುವುದು ಅದನ್ನು ತಿನ್ನುತ್ತಿರುತ್ತದೆ.

ನಾನು ಬಸ್ಸು ಹಿಡಿದು ಹೋದಾಗ ಲಿಂಗಣ್ಣ ಆಗಲೇ ಬಂದಿದ್ದ. ಒಂದೊಂದು ಕಿಟಕಿಯ ಪರದೆಯನ್ನೂ ಅಂಗೈಯಿಂದ ಸವರುತ್ತಾ ಹೋದ, ನಾನು ಬಾಣಕ್ಕೆ ಹತ್ತಿ ಸವರಿದಂತೆ. ಹಿಂದಿನ ಕಿಟಕಿಯಲ್ಲಿ ಅವನ ಮೂರು ಬೆರಳು ಆಚೆ ಹೋದವು. ಮೂರು ಅಲಗು ಕುಯ್ದ ನೈಲಾನು ಮತ್ತೆ ಕೂಡಿಕೊಂಡು, ದೂರಕ್ಕೆ ಇಡಿಯಾಗಿಯೇ ಕಾಣುತ್ತಿತ್ತು.

"ಇಲಿ ಕಡ್ದಿರಾದಲ್ಲ ಇದು," ಎಂದ ಲಿಂಗಣ್ಣ. "ಮೂರ್ ಕಡೀಕು ಸಮ್ವಾಗಿ ಕುಯ್ದೈತೆ. ಏನತ್ಗೆ ಇದು?"

ಅಕ್ಕ ಪರದೆಯನ್ನು ನೋಡಿದಳು. ನನ್ನ ಕಡೆಗೆ ತಿರುಗಲಿಲ್ಲ.

"ಅಳೇ ಪರ್ದೆ," ಎಂದಳು. "ನಾನೇ ನೋಡ್ಕಳ್ಳಿಲ್ಲ ಕಣಪ್ಪ."

ಮಾತಾಡಬೇಕಾದ ಜಾಗ ಅದು. ಮೂವತ್ತು ವರ್ಷ ಕ್ಲಾಸಿನಲ್ಲಿ ಎಡೆಬಿಡದೆ ಮಾತಾಡಿದ ನಾಲಗೆ ಅಲ್ಲಿ ಮೇವು ಬಿಟ್ಟು ಮಲಗಿತು. ಅಕ್ಕ ಹಾಗೆಂದದ್ದಕ್ಕೆ ಅರ್ಥ ಒಂದೇ: ಪರದೆ ನೋಡಿಕೊಳ್ಳಲು ಒಂಟಿ ಹೆಂಗಸಿಗೆ ಆಗಲಿಲ್ಲ. ಲಿಂಗಣ್ಣ ಹಿರಿಯರ ಮುಂದೆ ಹೇಳಿದ್ದೂ ಅದನ್ನೇ. ನಾನು ಬಾಯಿ ಬಿಟ್ಟಿದ್ದರೆ ಅವಳಿಗೆ ಇನ್ನೊಂದು ಬೆಳೆ ಸಿಗುತ್ತಿತ್ತೇನೋ. ಈ 'ಏನೋ' ಎಂಬುದರ ಮೇಲೆ ನಾನು ಹೊರಳಾಡಿದ್ದು ಸಾಕಷ್ಟಿದೆ.

ಮುಂದಿನದು ನಿಧಾನವಾಗಿ ಆಯಿತು, ಅದೇ ಕಷ್ಟ. ಒಂದಷ್ಟು ಹುಳ ಸೊಪ್ಪಿನ ಮೇಲೇ ಸತ್ತವು. ಉಳಿದವು ಚಂದ್ರಿಕೆಯ ಬಿದಿರು ತಟ್ಟಿ ಹತ್ತಿ ಬೆಳ್ಳಗೆ ಗೂಡು ಕಟ್ಟಿದವು. ಅಕ್ಕನ ಮುಖದಲ್ಲಿ ಎರಡು ದಿನ ಆಸೆಯಿತ್ತು. ಆಮೇಲೆ ಊಜಿ ಮರಿಗಳು ಗೂಡು ತೂತು ಮಾಡಿಕೊಂಡು ಹೊರಗೆ ಬಿದ್ದವು, ನೆಲದ ತುಂಬ ಅಕ್ಕಿ ಚೆಲ್ಲಿದ ಹಾಗೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ಎಳೆ ಅಲ್ಲಲ್ಲೇ ಹರಿಯುತ್ತದೆ. ನೂಲು ಬಿಚ್ಚುವ ರೀಲರುಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಒಂದು ಗೂಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಎಷ್ಟು ದುಂಡನೆಯ, ಅಚ್ಚುಕಟ್ಟಾದ ತೂತು. ತೂರುವ ಶಕ್ತಿ ಅದ್ಭುತ.

ಫೋನಿನಲ್ಲಿ ದಿನೇಶ ಸಮಾಧಾನ ಹೇಳಿದ. ಹೇಗಿದ್ದರೂ ಆ ಹುಳ ರೀಲರನ ಬಿಸಿನೀರಿನಲ್ಲಿ ಬೇಯಬೇಕಾದವಲ್ಲವೇ, ಹೀಗೆ ಸತ್ತರೇನು ಹಾಗೆ ಸತ್ತರೇನು, ಎಂದ. ಚರಿತ್ರೆ ಓದಿದವನಿಗೆ ಇಂಥ ಸಮಾಧಾನಗಳು ಹೊಸವಲ್ಲ. ಪ್ರತಿ ಯುದ್ಧದ ಕೊನೆಯಲ್ಲೂ ಯಾರಾದರೊಬ್ಬರು ಹೇಳಿರುತ್ತಾರೆ. ಬೇಟೆಯಲ್ಲಿ ಹಂದಿ ಕೊಂದು ತಾನೂ ಸತ್ತವನಿಗೆ ನಮ್ಮವರು ಕಲ್ಲು ನೆಟ್ಟರು. ಕಡ್ಡಿಯ ಚೀಲಕ್ಕೆ ಗುರಿಯಿಟ್ಟು ಒಂದು ಮನೆ ತುಂಬ ಹುಳ ಕೊಂದು, ಸಂಜೆ ಉಪ್ಪಿಟ್ಟು ತಿಂದವನಿಗೆ ಯಾವ ಕಲ್ಲು? ಜೀವನದಲ್ಲಿ ನಾನು ಆಡಿದ ಬೇಟೆ ಅದೊಂದೇ. ಆಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಕೊನೆಗೂ ಲಿಂಗಣ್ಣನ ಹತ್ತಿರ ಹೋಗಿ ಹೇಳಿದೆ, ಆದರೆ ಹಿರಿಯರು ಸೇರಿ ಮನೆ ಅವನಿಗೆಂದು ತೀರ್ಮಾನಿಸಿ ವಾರವಾದ ಮೇಲೆ. ತಪ್ಪೊಪ್ಪಿಕೊಳ್ಳುವುದಕ್ಕೂ ಹೊತ್ತು ಗೊತ್ತು ಉಂಟು. ನಾನು ಖಾಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದೆ. ಅವನು ಸೊಪ್ಪು ಕೊಯ್ಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡ.

"ನೀವು ಒಡುದ್ರೇನು ಮೇಷ್ಟ್ರೇ, ಇಲಿ ಕಡುದ್ರೇನು. ಪರ್ದೆ ದಿನಾ ಮುಟ್ಟಿ ನೋಡಾದು ಹುಳ ಸಾಕೋರ ಕೆಲ್ಸ. ಅತ್ಗೆ ನೋಡ್ಲಿಲ್ಲ."

ನಾನು ಹೇಳಿದ್ದೆ, ಅವಳು ಮರೆತಳು ಎಂದರೆ ಅಕ್ಕನ ತಪ್ಪು. ನಾನು ಹೇಳಲೇ ಇಲ್ಲ ಎಂದರೆ ನನ್ನ ತಪ್ಪು, ಆದರೂ ಮನೆ ಹೋದದ್ದು ಅವಳದೇ. ನನ್ನ ನೆನಪು ಗೆಲ್ಲಲಿ ಎಂದು ಬೇಡಿಕೊಂಡೆನಲ್ಲ, ಅದು ಗೆದ್ದರೆ ಸೋಲುವವಳು ಯಾರೆಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಆಚೆ ಹುಳದ ಮನೆಯಲ್ಲಿ ಲಿಂಗಣ್ಣನ ಹುಳ ಸೊಪ್ಪು ತಿನ್ನುವ ಸದ್ದು, ಮಳೆ ಬಂದ ಹಾಗೆ, ಹಿತ್ತಲವರೆಗೂ ಕೇಳುತ್ತಿತ್ತು. ಅಕ್ಕನಿಗೆ ಕೇಳಿಸದೆ ಇರುತ್ತದೆಯೇ? ಅವಳು ಹಾಗಲಬಳ್ಳಿಗೆ ಆಸರೆ ಕಟ್ಟುತ್ತಿದ್ದಳು. ಆಸರೆಗೆ ನೆಟ್ಟಿದ್ದು ಆ ಹನ್ನೆರಡನೆಯ ಬಾಣ. ಅಂದು ಅಲ್ಲೇ ಬಿಟ್ಟುಹೋಗಿದ್ದೆನೋ ಏನೋ. ಡೈರಿಯಲ್ಲಿ ಮಾತ್ರ ಹನ್ನೆರಡೂ ಡಬ್ಬಿಗೆ ವಾಪಸು ಎಂದಿದೆ. ಡೈರಿಯೂ ಸುಳ್ಳು ಹೇಳಬಲ್ಲದು ಎಂದು ಕಂಡು ಒಂದು ಗಳಿಗೆ ಮನಸ್ಸು ಹಗುರಾಯಿತು. ಆ ಹಗುರಕ್ಕೆ ನಾಚಿಕೆಯೂ ಆಯಿತು.

"ಒಳ್ಳೇ ಕಡ್ಡಿ ಕಣ್ಲಾ," ಎಂದಳು ಅಕ್ಕ. "ಗೆದ್ಲೂ ಇಡಿಯಾಕಿಲ್ಲ."

ಎಷ್ಟೋ ದಿನದಿಂದ ಕೇಳದೆ ಉಳಿಸಿಕೊಂಡದ್ದನ್ನು ಕೇಳಿಯೇಬಿಟ್ಟೆ. ಆವತ್ತು ನಲ್ಲಿ ಹತ್ತಿರ ಪರದೆ ನೋಡು ಎಂದು ನಾನು ಹೇಳಿದ್ದೆನೇ, ಇಲ್ಲವೇ?

ಅಕ್ಕ ಬಳ್ಳಿಯ ಎಳೆತುದಿಯನ್ನು ಬಾಣಕ್ಕೆ ಒಂದು ಸುತ್ತು ಸುತ್ತಿದಳು.

"ಏಳಿದ್ದೆ ಕಣ್ಲಾ. ನಾನೇ ಮರ್ತ್ಬುಟ್ಟೆ. ಅಂಗಂತ ಬರ್ಕೊ."

"ನಿಜ್ವಾಗ್ಲೂ ಹೇಳಿದ್ನೇನಕ್ಕ?"

"ಬರ್ಕೊ ಅಂದ್ನಲ್ಲ."

ಮನೆಗೆ ಬಂದು ಮೊದಲು, ಅಲ್ಲಿಯವರೆಗೆ ಹಾಗೇ ಉಳಿದಿದ್ದ ದಿನೇಶನ ನಮೂನೆ ಹಾಳೆ ತುಂಬಿದೆ. ನೇರ: ಚೆನ್ನ. ಬಾಗು: ಚೆನ್ನ. ಬಾಳಿಕೆ: ನನಗಿಂತ ಹೆಚ್ಚು. ದೋಷಗಳೇನಾದರೂ ಕಂಡುಬಂದವೇ ಎಂಬಲ್ಲಿ, ಬಾಣದಲ್ಲಿ ಕಂಡುಬರಲಿಲ್ಲ ಎಂದು ಬರೆದೆ. ಆಮೇಲೆ ಡೈರಿ ತೆಗೆದೆ. ಅಕ್ಕ ಹೇಳಿಕೊಟ್ಟಂತೆ ಬರೆಯಲು ಪೆನ್ನು ಊರಿದೆ. ಕಡೆಗೆ ಒಂದೇ ಸಾಲು ಬರೆದೆ: "ಬರ್ಕೊ ಅಂದಳು ಅಕ್ಕ."

ಅಷ್ಟಂತೂ ನಿಜ.